ಕೂಳೆ ಕಬ್ಬಿನ ರವದಿ: ಸುಡಬೇಡಿ, ಕೊಳೆಸಿ

ಒಂದು ಟನ್ ರವದಿಯಲ್ಲಿ (ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣ ಸೋಗೆ) ಸುಮಾರು 4 ಕೆ.ಜಿ. ಸಾರಜನಕ ಇರುತ್ತದೆ. ಬೆಂಕಿ ಇಟ್ಟರೆ ಬಹುಪಾಲು ಹೊಗೆಯಾಗಿ ಹೋಗುತ್ತದೆ. ಬೂದಿಯಲ್ಲಿ ಉಳಿಯುವುದು ಮುಖ್ಯವಾಗಿ ಪೊಟ್ಯಾಷ್ ಮಾತ್ರ.

ಕಟಾವಾದ ಕೂಡಲೇ ಕೂಳೆಯನ್ನು (ಕಡಿದ ಮೇಲೆ ಉಳಿದ ಬುಡ, ಮುಂದಿನ ಬೆಳೆ ಚಿಗುರುವುದು ಇದರಿಂದಲೇ) ನೆಲಮಟ್ಟಕ್ಕೆ ಸವರಿ. ರವದಿಯನ್ನು ಬುಡದ ಮೇಲೆ ಬಿಡದೆ ಸಾಲಿನ ನಡುವೆ ಎಳೆಯಿರಿ. ಪುಡಿ ಮಾಡುವ ಯಂತ್ರ ಬಾಡಿಗೆಗೆ ಸಿಕ್ಕರೆ ಹೊಡೆಸಿಬಿಡಿ, ಚೂರಾದಷ್ಟೂ ಬೇಗ ಕೊಳೆಯುತ್ತದೆ.

ಪ್ರತಿ ಟನ್ ರವದಿಗೆ 8 ಕೆ.ಜಿ. ಯೂರಿಯಾ, 10 ಕೆ.ಜಿ. ಸೂಪರ್ ಫಾಸ್ಫೇಟ್, 1 ಕೆ.ಜಿ. ಕೊಳೆಸುವ ಜೀವಾಣು ಗೊಬ್ಬರ ಬೇಕು. ಜೀವಾಣುವನ್ನು ಯೂರಿಯಾ ಜೊತೆ ಬೆರೆಸಬೇಡಿ; ಹಸಿ ಆರದ ಕೊಟ್ಟಿಗೆ ಗೊಬ್ಬರದಲ್ಲಿ ಕಲಸಿ ಬೇರೆಯಾಗಿ ಎರಚಿ. ಅಂದೇ ನೀರು ಹಾಯಿಸಿ. ಒಣ ರವದಿ ಮೇಲೆ ಯೂರಿಯಾ ಬಿದ್ದಿದ್ದರೆ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ, ದುಡ್ಡೂ ಅದರ ಜೊತೆಗೇ.

ಯೂರಿಯಾ ಏಕೆ? ರವದಿ ತುಂಬ ಇಂಗಾಲ, ಸಾರಜನಕ ಅತಿ ಕಡಿಮೆ. ಸೂಕ್ಷ್ಮಜೀವಿಗಳಿಗೆ ಇಂಗಾಲವೇ ಶಕ್ತಿ. ಅದನ್ನು ಉಂಡು ಇಂಗಾಲದ ಡೈಆಕ್ಸೈಡ್ ಮತ್ತು ಶಾಖವಾಗಿ ಹೊರಬಿಡುತ್ತವೆ, ಆ ಶಕ್ತಿ ಮತ್ತೆ ಹೊಲಕ್ಕೆ ಬರುವುದಿಲ್ಲ. ಮೈ ಬೆಳೆಸಲು ಸಾರಜನಕ ಸಾಲದಾದಾಗ ಮಣ್ಣಿನದನ್ನೇ ಎಳೆದುಕೊಳ್ಳುತ್ತವೆ. ‘ರವದಿ ಹಾಕಿದ್ದಕ್ಕೆ ಕೂಳೆ ಹಳದಿಯಾಯ್ತು’ ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಇದೇ. ಆ ಜೀವಿಗಳು ಸತ್ತು ಕೊಳೆತಾಗ ಹಿಡಿದಿಟ್ಟ ಸಾರಜನಕ ಬೇರಿಗೆ ಸಿಗುತ್ತದೆ.

ನೀರು ನಿಲ್ಲುವ ಎರೆಹೊಲದಲ್ಲಿ ಮೊದಲು ಬಸಿಗಾಲುವೆ ತೆಗೆಯಿರಿ. ಗಾಳಿಯಾಡದಿದ್ದರೆ ರವದಿ ಕೊಳೆಯದೆ ನಾರುತ್ತದೆ, ಮೊಳಕೆಯೂ ಕುಂದುತ್ತದೆ.