ಮಾದರಿ ರೈಲಿನ ಊರಿಗೆ ದೀಪ: ಕಟ್ಟಡಗಳ ವೈರಿಂಗ್ ಮಾಡುವ ಬಗೆ

ಮಾದರಿ ರೈಲಿನ ಲೇಔಟ್‌ನಲ್ಲಿ, ಅಂದರೆ ಹಲಗೆಯ ಮೇಲೆ ಹಳಿ, ಊರುಗಳನ್ನು ಕಟ್ಟಿದ ಪುಟ್ಟ ಮಾದರಿಯಲ್ಲಿ, ಮನೆ, ಅಂಗಡಿ, ನಿಲ್ದಾಣಗಳಿಗೆ ದೀಪ ಹಾಕಲು ಹೊರಟವರಿಗೆ ಮೊದಲು ಹೊಳೆಯುವ ದಾರಿ ಹಳಿಯಿಂದಲೇ ವಿದ್ಯುತ್ ತೆಗೆದುಕೊಳ್ಳುವುದು. ಇದು ಸುಲಭವೇನೋ ಹೌದು, ಆದರೆ ಒಳ್ಳೆಯದಲ್ಲ. ಸಾಮಾನ್ಯ ಡಿಸಿ ನಿಯಂತ್ರಕದಲ್ಲಿ ಹಳಿಯ ವೋಲ್ಟೇಜು ರೈಲಿನ ವೇಗಕ್ಕೆ ತಕ್ಕಂತೆ ಸೊನ್ನೆಯಿಂದ ಸುಮಾರು 12 ವೋಲ್ಟ್‌ವರೆಗೆ ಏರಿಳಿಯುವುದರಿಂದ, ರೈಲು ನಿಂತ ಕೂಡಲೇ ಊರು ಕತ್ತಲಾಗುತ್ತದೆ. ರೈಲನ್ನು ಹಿಂದಕ್ಕೆ ಓಡಿಸಿದರೆ ಧ್ರುವಗಳು ಅದಲುಬದಲಾಗಿ ಎಲ್‌ಇಡಿಗಳು ಉರಿಯುವುದೇ ಇಲ್ಲ. ಹಳಿಯ ಮೂಲಕವೇ ಎಂಜಿನ್‌ಗಳಿಗೆ ಡಿಜಿಟಲ್ ಆಜ್ಞೆ ಕಳಿಸುವ ಡಿಸಿಸಿ ವ್ಯವಸ್ಥೆಯಲ್ಲಿ ಹಳಿಗೆ ಸದಾ ವಿದ್ಯುತ್ ಇರುತ್ತದಾದರೂ, ಎಂಜಿನ್‌ಗಳಿಗೆ ಸಲ್ಲಬೇಕಾದ ಸಾಮರ್ಥ್ಯದಲ್ಲಿ ದೀಪಗಳು ಪಾಲು ಪಡೆಯುತ್ತವೆ, ಒಂದು ಬೋಗಿ ಹಳಿ ತಪ್ಪಿ ಶಾರ್ಟ್ ಆದರೆ ದೀಪಗಳೂ ಆರಿಹೋಗುತ್ತವೆ. ಆದ್ದರಿಂದ ದೀಪಗಳಿಗೆ ಪ್ರತ್ಯೇಕ ವಿದ್ಯುತ್ ಮೂಲವನ್ನೇ ಇಡಬೇಕು.

ಸಿಸಿಟಿವಿ ಕ್ಯಾಮೆರಾ ಅಥವಾ ವೈಫೈ ರೂಟರ್‌ಗೆ ಬಳಸುವಂತಹ, ಪೂರ್ತಿ ಮುಚ್ಚಿದ 12 ವೋಲ್ಟ್, 2 ಆಂಪಿಯರ್ ಡಿಸಿ ಅಡಾಪ್ಟರ್ ಇದಕ್ಕೆ ಸಾಕು. ಅದನ್ನು ಗೋಡೆಯ ಪ್ಲಗ್‌ನಲ್ಲಿಟ್ಟರೆ 230 ವೋಲ್ಟ್ ಅಲ್ಲಿಗೇ ನಿಲ್ಲುತ್ತದೆ. ಹಲಗೆಯ ಕೆಳಗೆ 12 ವೋಲ್ಟ್ ಮಾತ್ರ ಓಡಾಡಬೇಕು ಎಂಬ ನಿಯಮವನ್ನು ಯಾವ ಕಾರಣಕ್ಕೂ ಸಡಿಲಿಸಬಾರದು. ಹಳೆಯ ಟ್ರಾನ್ಸ್‌ಫಾರ್ಮರ್‌ಗಳಲ್ಲಿ ಬಿಡಿ ಉಪಕರಣಗಳಿಗೆಂದು 16 ವೋಲ್ಟ್ ಎಸಿ ಕೊಡುವ ಎರಡು ತಿರುಪುಗಳಿರುತ್ತವೆ. ಆ ವೋಲ್ಟೇಜಿಗೆಂದೇ ತಯಾರಾದ ಬಲ್ಬುಗಳಿಗೆ ಅವು ಸರಿ, ಆದರೆ ಎಲ್‌ಇಡಿಗೆ ಬಳಸಬೇಕಾದರೆ ನಡುವೆ ಎಸಿಯನ್ನು ಡಿಸಿಯಾಗಿಸುವ ಬ್ರಿಡ್ಜ್ ರೆಕ್ಟಿಫೈಯರ್ ಮತ್ತು ಅದರ ಏರಿಳಿತವನ್ನು ಸಮಗೊಳಿಸುವ ಕೆಪಾಸಿಟರ್ ಹಾಕಬೇಕು. ಹಾಗೆ ಮಾಡಿದಾಗ ಸಿಗುವುದು 16 ವೋಲ್ಟ್ ಅಲ್ಲ, ಸುಮಾರು 21 ವೋಲ್ಟ್ ಎಂಬುದನ್ನು ಲೆಕ್ಕದಲ್ಲಿ ಹಿಡಿಯಬೇಕು.

ಗೋಧಿಕಾಳಿನಷ್ಟು ದೊಡ್ಡ ಬಲ್ಬಿನ ಬೆಳಕು ಹಿತವಾಗಿರುವುದು ನಿಜ, ಆದರೆ ಒಂದೊಂದೂ ಸುಮಾರು 60 ಮಿಲಿಆಂಪಿಯರ್ ಎಳೆಯುತ್ತದೆ, ಬಿಸಿಯಾಗಿ ಪ್ಲಾಸ್ಟಿಕ್ ಛಾವಣಿಯನ್ನು ಸೊಟ್ಟಗಾಗಿಸುತ್ತದೆ. ಇಪ್ಪತ್ತು ಕಟ್ಟಡಗಳಲ್ಲಿ ತಲಾ ನಾಲ್ಕು ಬಲ್ಬು ಎಂದರೆ 4.8 ಆಂಪಿಯರ್ ಆಯಿತು. ಅಷ್ಟೇ ಸಂಖ್ಯೆಯ ಎಲ್‌ಇಡಿಗಳಿಗೆ ತಲಾ 3 ಮಿಲಿಆಂಪಿಯರ್ ಕೊಟ್ಟರೆ ಒಟ್ಟು 240 ಮಿಲಿಆಂಪಿಯರ್ ಸಾಕು. ಕೊಳ್ಳುವಾಗ 2700ರಿಂದ 3000 ಕೆಲ್ವಿನ್ ವರ್ಗದ, ಅಂಗಡಿಯವರು ವಾರ್ಮ್ ವೈಟ್ ಎನ್ನುವ ಎಲ್‌ಇಡಿಗಳನ್ನೇ ಕೇಳಬೇಕು. ಬೆಂಗಳೂರಿನಲ್ಲಿರುವವರಿಗೆ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಈ ಬಿಡಿಭಾಗಗಳೆಲ್ಲ ಸಿಗುತ್ತವೆ.

ನನ್ನ ಪ್ರಕಾರ ಲೇಔಟ್‌ನ ದೀಪಗಳು ಕೃತಕವಾಗಿ ಕಾಣುವುದಕ್ಕೆ ಮುಖ್ಯ ಕಾರಣ ಅತಿಯಾದ ಬೆಳಕು, ಮತ್ತು ಅದನ್ನು ಸರಿಪಡಿಸುವ ಕೀಲಿ ಇರುವುದು ವಿದ್ಯುತ್ತಿನ ಹರಿವನ್ನು ತಗ್ಗಿಸುವ ರೆಸಿಸ್ಟರ್‌ನಲ್ಲಿ. ಬಿಳಿ ಎಲ್‌ಇಡಿಯೊಂದು ತನ್ನಲ್ಲಿ ಸುಮಾರು 3 ವೋಲ್ಟ್ ಉಳಿಸಿಕೊಳ್ಳುವುದರಿಂದ, 12 ವೋಲ್ಟ್‌ನಲ್ಲಿ ಮಿಕ್ಕ 9 ವೋಲ್ಟ್ ರೆಸಿಸ್ಟರ್‌ನ ಪಾಲಿಗೆ ಬರುತ್ತದೆ. ಆ 9ನ್ನು ರೆಸಿಸ್ಟರ್‌ನ ಓಮ್‌ಗಳಿಂದ ಭಾಗಿಸಿದರೆ ಹರಿಯುವ ವಿದ್ಯುತ್ತು ತಿಳಿಯುತ್ತದೆ: 470 ಓಮ್‌ಗೆ 19 ಮಿಲಿಆಂಪಿಯರ್, 1 ಕಿಲೋಓಮ್‌ಗೆ 9, 4.7 ಕಿಲೋಓಮ್‌ಗೆ 2ಕ್ಕಿಂತ ತುಸು ಕಡಿಮೆ. ಸಾಮಾನ್ಯ ಎಲ್‌ಇಡಿಯ ಮಿತಿ 20 ಮಿಲಿಆಂಪಿಯರ್ ಎಂದು ಅಷ್ಟನ್ನೂ ಕೊಡುವ ಅಗತ್ಯವಿಲ್ಲ. 1:87 ಪ್ರಮಾಣದ ಎಚ್‌ಒ ಮನೆಯ ಕೋಣೆಗೆ 3.3ರಿಂದ 4.7 ಕಿಲೋಓಮ್ ಹಿಡಿಸುತ್ತದೆ, ನಿಲ್ದಾಣದ ಪ್ಲಾಟ್‌ಫಾರ್ಮಿಗೆ ಮತ್ತು ಅಂಗಡಿಯ ಮುಂಭಾಗಕ್ಕೆ 2.2 ಕಿಲೋಓಮ್ ಹಾಕಿ ಕೊಂಚ ಎದ್ದು ಕಾಣುವಂತೆ ಮಾಡಬಹುದು, ಹಿತ್ತಿಲ ಕೋಣೆಗೆ 10 ಕಿಲೋಓಮ್ ಹಾಕಿದರೂ ಮಂದವಾದ ಬೆಳಕು ಬಂದೇ ಬರುತ್ತದೆ. ಇವೆಲ್ಲಕ್ಕೂ ಕಾಲು ವ್ಯಾಟ್‌ನ ರೆಸಿಸ್ಟರ್ ಧಾರಾಳ. ಒಂದೇ ರೆಸಿಸ್ಟರ್‌ಗೆ ಹಲವು ಎಲ್‌ಇಡಿಗಳನ್ನು ಸಮಾನಾಂತರವಾಗಿ ಜೋಡಿಸಿದರೆ ಒಂದು ಪ್ರಖರವಾಗಿ, ಇನ್ನೊಂದು ಮಂಕಾಗಿ ಉರಿಯುವ ಸಂಭವವಿರುವುದರಿಂದ ಪ್ರತಿ ಎಲ್‌ಇಡಿಗೂ ತನ್ನದೇ ರೆಸಿಸ್ಟರ್ ಇರಲಿ. ಗೋದಾಮಿನಂತಹ ಉದ್ದನೆಯ ಕಟ್ಟಡಕ್ಕೆ ಮಾತ್ರ 12 ವೋಲ್ಟ್‌ನ ಎಲ್‌ಇಡಿ ಪಟ್ಟಿ ಅನುಕೂಲ. ಮೀಟರಿಗೆ 60 ಎಲ್‌ಇಡಿಗಳಿರುವ ಪಟ್ಟಿಯನ್ನು ಗುರುತಿರುವಲ್ಲಿ 5 ಸೆಂಟಿಮೀಟರಿಗೊಂದು ತುಂಡಾಗಿ ಕತ್ತರಿಸಬಹುದು, ಆದರೆ ಅದರ ಬೆಳಕು ಮಿತಿಮೀರಿರುವುದರಿಂದ ಒಂದು ಸ್ಟೆಪ್‌ಡೌನ್ ಮಾಡ್ಯೂಲ್ ಮೂಲಕ 9 ವೋಲ್ಟ್‌ಗೆ ಇಳಿಸಿ ಕೊಡಬೇಕು.

ಹಲಗೆಯ ಕೆಳಗೆ ಲೇಔಟ್‌ನ ಉದ್ದಕ್ಕೂ ಕೆಂಪು ಮತ್ತು ಕಪ್ಪು ಬಣ್ಣದ 1 ಚದರ ಮಿಲಿಮೀಟರ್ ತಾಮ್ರದ ತಂತಿಗಳನ್ನು ಮುಖ್ಯ ತಂತಿಗಳಾಗಿ ಎಳೆದು, ಅವುಗಳಿಂದ ಪ್ರತಿ ಕಟ್ಟಡಕ್ಕೂ ತೆಳುವಾದ ಕವಲು ತಂತಿಗಳನ್ನು ತೆಗೆಯಬೇಕು. ಇಷ್ಟು ಕಡಿಮೆ ವಿದ್ಯುತ್ತಿಗೆ ಇಷ್ಟು ದಪ್ಪದ ತಂತಿ ಏಕೆ ಎಂದು ಅನ್ನಿಸಬಹುದು. ಐದು ಮೀಟರ್ ದೂರಕ್ಕೆ ಹೋಗಿಬರುವ ತಂತಿಯಲ್ಲಿ 1 ಆಂಪಿಯರ್ ಹರಿದಾಗ ಈ ದಪ್ಪದಲ್ಲಿ ನಷ್ಟವಾಗುವುದು 0.2 ವೋಲ್ಟ್‌ಗಿಂತ ಕಡಿಮೆ, 0.2 ಚದರ ಮಿಲಿಮೀಟರ್ ತಂತಿಯಲ್ಲಾದರೆ 0.8 ವೋಲ್ಟ್ ದಾಟುತ್ತದೆ. ಆದರೂ ನಿಜವಾದ ಕಾರಣ ಅದಲ್ಲ, ಶಾರ್ಟ್ ಆದಾಗ ಫ್ಯೂಸ್ ಹಾರುವ ಮೊದಲು ತಂತಿ ಸುಡಬಾರದು ಎಂಬುದು. ಅಡಾಪ್ಟರ್‌ನಿಂದ ಹೊರಡುವ ಕೆಂಪು ತಂತಿಗೆ 1 ಆಂಪಿಯರ್ ಗಾಜಿನ ಫ್ಯೂಸ್ ಹಾಕಿ, ನಿಲ್ದಾಣ, ಪೇಟೆ, ಹಳ್ಳಿ ಎಂದು ಬೇರೆ ಬೇರೆ ಸ್ವಿಚ್‌ಗಳಿಗೆ ಹಂಚಿದರೆ ದೋಷ ಹುಡುಕುವುದೂ ಸುಲಭ. ಕವಲು ಸೇರುವಲ್ಲಿ ತಂತಿಯ ಹೊದಿಕೆ ಸುಲಿದು, ಸುತ್ತಿ, ಬೆಸುಗೆ ಹಾಕಿ, ಬಿಸಿಗೆ ಕುಗ್ಗಿ ಬಿಗಿಯಾಗುವ ಹೀಟ್‌ಶ್ರಿಂಕ್ ಸ್ಲೀವ್ ಅಥವಾ ಇನ್ಸುಲೇಷನ್ ಟೇಪಿನಿಂದ ಮುಚ್ಚಬೇಕು.

ಕಟ್ಟಡದ ಒಳಗಿನ ಕೆಲಸವನ್ನು ಬಹಳ ಮಂದಿ ಅವಸರದಲ್ಲಿ ಮುಗಿಸುತ್ತಾರೆ. ತೆಳು ಪ್ಲಾಸ್ಟಿಕ್ ಗೋಡೆಯ ಹಿಂದೆ ದೀಪ ಹಚ್ಚಿದರೆ ಕಿಟಕಿಗಳ ಜೊತೆಗೆ ಗೋಡೆಯೇ ಹೊಳೆಯುತ್ತದೆ, ಛಾವಣಿಯ ಅಂಚಿನಲ್ಲಿ ಬೆಳಕಿನ ಗೆರೆ ಕಾಣುತ್ತದೆ. ಒಳಗೋಡೆಗೆ ಮೊದಲು ಕಪ್ಪು ಬಣ್ಣ, ಅದು ಒಣಗಿದ ಮೇಲೆ ಬಿಳಿ ಬಣ್ಣ ಬಳಿದರೆ ಕಪ್ಪು ಬೆಳಕನ್ನು ತಡೆಯುತ್ತದೆ, ಬಿಳಿ ಅದನ್ನು ಕೋಣೆಯಲ್ಲಿ ಹರಡುತ್ತದೆ. ಮೂಲೆಗಳ ಸಂದಿಗೆ ಕಪ್ಪು ರಟ್ಟಿನ ಪಟ್ಟಿ ಅಂಟಿಸಬೇಕು. ಕಿಟಕಿಗಳ ಹಿಂದೆ ಬಟರ್ ಪೇಪರ್ ಹಚ್ಚಿದರೆ ಎಲ್‌ಇಡಿಯ ಚುಕ್ಕೆ ನೇರವಾಗಿ ಕಣ್ಣಿಗೆ ಕುಕ್ಕುವುದಿಲ್ಲ. ರಟ್ಟಿನ ಅಡ್ಡಗೋಡೆಗಳಿಂದ ಕೋಣೆಗಳನ್ನು ಬೇರ್ಪಡಿಸಿ ಒಂದೆರಡನ್ನು ಕತ್ತಲೆಯಲ್ಲೇ ಬಿಡುವುದು ಒಳ್ಳೆಯದು. ಎಲ್ಲ ಕಿಟಕಿಗಳೂ ಏಕಪ್ರಕಾರ ಬೆಳಗುವ ಮನೆ ಊರಿನಲ್ಲಿ ಮದುವೆಯ ದಿನ ಬಿಟ್ಟರೆ ಎಲ್ಲಿದೆ?

ಎಲ್‌ಇಡಿಯ ಉದ್ದನೆಯ ಕಾಲು ಧನ, ಗಿಡ್ಡ ಕಾಲು ಋಣ. ಕಾಲುಗಳನ್ನು ಕತ್ತರಿಸಿದ್ದರೆ ಅಂಚು ಚಪ್ಪಟೆಯಾಗಿರುವ ಬದಿ ಋಣ ಎಂದು ಗುರುತಿಸಬಹುದು. 9 ವೋಲ್ಟ್ ಬ್ಯಾಟರಿಗೆ 1 ಕಿಲೋಓಮ್ ರೆಸಿಸ್ಟರ್ ಜೋಡಿಸಿಟ್ಟುಕೊಂಡರೆ ಪ್ರತಿ ಎಲ್‌ಇಡಿಯನ್ನೂ ಬೆಸುಗೆಗೆ ಮೊದಲೇ ಪರೀಕ್ಷಿಸಲು ಬರುತ್ತದೆ. ಕಟ್ಟಡದಿಂದ ಇಳಿಯುವ ತಂತಿಗಳನ್ನು ಮುಖ್ಯ ತಂತಿಗೆ ನೇರವಾಗಿ ಬೆಸೆಯದೆ, ಉಲ್ಟಾ ಸಿಕ್ಕಿಸಲು ಬಾರದ ಎರಡು ಪಿನ್ನಿನ ಪ್ಲಗ್ ಹಾಕಿ, ಅದು ತೂರುವಷ್ಟು ದೊಡ್ಡ ರಂಧ್ರವನ್ನು ಹಲಗೆಯಲ್ಲಿ ಕೊರೆಯಬೇಕು. ಆಗ ಮನೆಯನ್ನು ಎತ್ತಿ ಮೇಜಿನ ಮೇಲಿಟ್ಟು ರಿಪೇರಿ ಮಾಡಬಹುದು. ಛಾವಣಿಗೆ ಅಂಟು ಹಾಕದೆ ಒಳಗಿನಿಂದ ಸಣ್ಣ ರಟ್ಟಿನ ಅಂಚು ಕೊಟ್ಟು ಕೂರಿಸಿದರೆ ಸಾಕು.