ಒಂದು ದೋಣಿಗೆ ಒಬ್ಬರೇ ಮೇಷ್ಟ್ರು

ಹಾಸನ ಜಿಲ್ಲೆಯಲ್ಲಿ ಹಾಯಿದೋಣಿ ಕಲಿಸ್ತೀವಿ ಅಂದ ಕೂಡಲೇ ಬರುವ ಮೊದಲ ಪ್ರಶ್ನೆ, "ನಿಮ್ಮೂರಲ್ಲಿ ಸಮುದ್ರ ಎಲ್ಲಿದೆ?" ಹಾಯಿಗೆ ಸಮುದ್ರವೇ ಆಗಬೇಕೆಂದಿಲ್ಲ. ಗಾಳಿ ಇರಬೇಕು, ದೋಣಿ ತಿರುಗಿಸಿಕೊಳ್ಳುವಷ್ಟು ಅಗಲದ ನೀರಿರಬೇಕು. 1979ರಲ್ಲಿ ಗೊರೂರಿನ ಅಣೆಕಟ್ಟು ಮುಗಿದ ಮೇಲೆ ನೀರು ಒದಗಿತು, ಗಾಳಿ ಮೊದಲೇ ಇತ್ತು. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ ಗೆದ್ದ ನೇಹಾ ಠಾಕೂರ್ ತಯಾರಾದದ್ದು ಭೋಪಾಲದಲ್ಲಿ. ಅಲ್ಲಿಂದ ಸಮುದ್ರ ನಮಗಿಂತಲೂ ಎಷ್ಟೋ ದೂರ. ಇಷ್ಟು ಹೇಳಿದರೆ ಮೊದಲ ಪ್ರಶ್ನೆ ಮುಗಿಯುತ್ತದೆ. ಎರಡನೆಯದು, "ಕಲಿಸೋರು ಯಾರು?" ಅದಕ್ಕೆ ಉತ್ತರ ಸ್ವಲ್ಪ ಉದ್ದ.

ಕಲಿಸುವವರು ನಾವು ಐದು ಜನ, ಒಂದೇ ಒಲೆಯವರು. ಮಾವ ಫೌಜಿನಲ್ಲಿದ್ದವರು, ಮದ್ರಾಸ್ ಸ್ಯಾಪರ್ಸ್ ಎಂಬ ಎಂಜಿನಿಯರ್ ದಳ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಹಾಯಿ ಕಲಿತು, ಪಿಂಚಣಿ ಬಂದ ಮೇಲೆ ಊರಿಗೆ ಮರಳಿ, ಹೇಮಾವತಿಯ ಹಿನ್ನೀರಿನ ಪಕ್ಕದ ನಮ್ಮ ಹೊಲದಂಚಿನಲ್ಲಿ ಶೆಡ್ ಹಾಕಿದರು. ಉಳಿದವರು ಅತ್ತೆ, ನನ್ನ ಯಜಮಾನರು, ಮೈದುನ, ನಾನು. ನಾನು ಅರಸೀಕೆರೆ ಕಡೆಯವಳು. ತೆಂಗಿನ ತೋಟ, ಬೋರ್‌ವೆಲ್, ಇಷ್ಟೇ ನಾನು ಕಂಡಿದ್ದ ನೀರು. ಈಜು, ಹಾಯಿ ಎರಡನ್ನೂ ಕಲಿತದ್ದು ಮದುವೆಯಾಗಿ ಬಂದ ಮೇಲೆ.

ಮನೆಯವರೇ ಶಾಲೆ ನಡೆಸುವುದರಲ್ಲಿ ಕಷ್ಟ ಯಾವುದು ಅಂದರೆ ಹಣವಲ್ಲ, ದೋಣಿಯೂ ಅಲ್ಲ. ಕೂಡು ಕುಟುಂಬದಲ್ಲಿ ಎಲ್ಲರಿಗೂ ಎಲ್ಲದರಲ್ಲೂ ಬಾಯಿ ಹಾಕುವ ಹಕ್ಕಿರುತ್ತದೆ. ಸಾರಿಗೆ ಉಪ್ಪು ಹಾಕುವಾಗ, ಕಾಫಿ ಗಿಡಕ್ಕೆ ಗೊಬ್ಬರ ಕೊಡುವಾಗ, ಯಾವಾಗಲೂ. ಅದೇ ಹಕ್ಕು ದಡಕ್ಕೂ ಬಂತು. ಹಾಸನದ ಬ್ಯಾಂಕೊಂದರಲ್ಲಿ ಕೆಲಸ ಮಾಡುವ ಹೆಂಗಸೊಬ್ಬರು ಮೊದಲ ವಾರ ಒಬ್ಬರೇ ದೋಣಿ ಹಿಡಿದಾಗ ಮಾವ "ಶೀಟ್ ಎಳಿಯಮ್ಮ" ಅಂದರು, ಮೈದುನ "ಬಿಡಿ ಬಿಡಿ" ಅಂದ, ಯಜಮಾನರು "ಟಿಲ್ಲರ್ ದೂಡಿ" ಅಂತ ಕೂಗಿದರು. ಶೀಟ್ ಅಂದರೆ ಹಾಯಿಯನ್ನು ಎಳೆದು ಬಿಡುವ ಹಗ್ಗ, ಟಿಲ್ಲರ್ ಅಂದರೆ ಚುಕ್ಕಾಣಿಯ ಹಿಡಿ. ಮೂವರ ಮಾತೂ ಸರಿಯೇ, ಆದರೆ ಒಂದೊಂದೂ ಬೇರೆ ಬೇರೆ ಕ್ಷಣಕ್ಕೆ ಸರಿ. ಆಕೆ ಎಲ್ಲವನ್ನೂ ಕೈಬಿಟ್ಟು ಕೂತರು. ದೋಣಿ ತಾನಾಗೇ ಗಾಳಿಗೆ ಮುಖ ಮಾಡಿ, ಹಾಯಿ ಪಟಪಟ ಬಡಿಯುತ್ತಾ ನಿಂತಿತು. ಆಕೆ ದಡಕ್ಕೆ ಬಂದು, "ನಿಮ್ಮಲ್ಲಿ ಯಾರ ಮಾತು ಕೇಳಬೇಕು ಅಂತ ನೀವೇ ಕೂತು ತೀರ್ಮಾನ ಮಾಡಿ, ನಾನು ಮುಂದಿನ ಭಾನುವಾರ ಬರ್ತೀನಿ" ಎಂದು ಹೇಳಿ ಹೊರಟರು. ಸಿಟ್ಟಿನಿಂದಲ್ಲ, ನಗುತ್ತಲೇ.

ಆ ರಾತ್ರಿ ಮಾವ ಹಾಕಿದ ಕಟ್ಟಳೆ ಇವತ್ತಿಗೂ ನಡೆಯುತ್ತಿದೆ. ಒಂದು ದೋಣಿಗೆ ಒಬ್ಬರೇ ಮೇಷ್ಟ್ರು. ಆ ಹೊತ್ತಿಗೆ ಕಲಿಸುತ್ತಿರುವವರು ಬಿಟ್ಟು ಬೇರೆ ಯಾರೂ ದಡದಿಂದ ಒಂದಕ್ಷರ ಮಾತಾಡಕೂಡದು. ಏನಾದರೂ ಕಂಡರೆ ಟೀ ಹೊತ್ತಿಗೆ, ಶೆಡ್ಡಿನ ಹಿಂದೆ, ಮೇಷ್ಟ್ರಿಗೆ ಮಾತ್ರ ಹೇಳಬೇಕು. ಅಪಾಯ ಕಂಡರೆ ಸೀಟಿ, ಅದನ್ನು ಯಾರು ಬೇಕಾದರೂ ಊದಬಹುದು. ಕೇಳುವುದಕ್ಕೆ ಸುಲಭ. ಮಾವನಿಗೇ ಅದು ತುಂಬಾ ಕಷ್ಟವಾಯಿತು. ನಾನು ಕಲಿಸುವಾಗ ಅವರು ಬೇಕೆಂದೇ ಬೆನ್ನು ತಿರುಗಿಸಿ ಹಗ್ಗ ಸುತ್ತುತ್ತಾ ಕೂರುತ್ತಾರೆ.

ಬಾಯಿ ಕಟ್ಟಿದ ಮೇಲೆ ಯಾರು ಯಾರಿಗೆ ಕಲಿಸಬೇಕು ಎಂಬ ವಿಚಾರ ಬಂತು. ನಮ್ಮಲ್ಲಿ ಅತ್ಯಂತ ಚೆನ್ನಾಗಿ ಹಾಯಿ ಓಡಿಸುವವರು ನನ್ನ ಯಜಮಾನರು. ಹೊಸಬರಿಗೆ ಕಲಿಸಲು ಅವರನ್ನು ಬಿಡುವುದಿಲ್ಲ. ಅವರಿಗೆ ಕಾಣುವುದು ಎದುರಿಗಿರುವವರಿಗೆ ಯಾಕೆ ಕಾಣುವುದಿಲ್ಲ ಎಂದು ಅವರಿಗೆ ಅರ್ಥವಾಗುವುದಿಲ್ಲ, ದನಿ ಏರುತ್ತದೆ. ಇದನ್ನು ಅವರಿಗೆ ಹೇಳುವ ಕೆಲಸ ನನ್ನ ಪಾಲಿಗೇ ಬಂತು, ಕೆಲವು ದಿನ ಮನೆಯಲ್ಲಿ ಮಾತು ಕಡಿಮೆ ಇತ್ತು. ಈಗ ಅವರು ಸ್ಪರ್ಧೆಗೆ ತಯಾರಾಗುವವರನ್ನಷ್ಟೇ ನೋಡಿಕೊಳ್ಳುತ್ತಾರೆ. ಉಳಿದ ಹೊತ್ತು ಒಡೆದ ಫೈಬರ್‌ಗೆ ರೆಸಿನ್ ಹಚ್ಚುವುದು, ಹಾಯಿ ಹೊಲಿಯುವುದು. ಸ್ಪರ್ಧೆಯ ನಿಯಮಗಳಲ್ಲಿ ಅವರಿಗೆ ಬಲು ಇಷ್ಟವಾದದ್ದು, ಎಡಬದಿಯಿಂದ ಗಾಳಿ ಪಡೆಯುತ್ತಿರುವ ದೋಣಿ ಬಲಬದಿಯಿಂದ, ಅಂದರೆ ಸ್ಟಾರ್‌ಬೋರ್ಡಿನಿಂದ, ಪಡೆಯುತ್ತಿರುವ ದೋಣಿಗೆ ದಾರಿ ಬಿಡಬೇಕು ಎಂಬುದು. ಮನೆಯಲ್ಲಿ ಅಪ್ಪನಿಗೆ ಎದುರಾಡುವಂತಿಲ್ಲ, ನೀರಿನ ಮೇಲೆ "ಸ್ಟಾರ್‌ಬೋರ್ಡ್!" ಎಂದು ಗದರಿ ಅವರನ್ನೇ ಪಕ್ಕಕ್ಕೆ ಸರಿಸಬಹುದು.

ಮೈದುನನಿಗೆ ಮಕ್ಕಳು. ಅವನು ಆಪ್ಟಿಮಿಸ್ಟ್ ದೋಣಿಯಲ್ಲೇ ಬೆಳೆದವನು. ಅಮೆರಿಕದ ಫ್ಲೋರಿಡಾದಲ್ಲಿ ಕ್ಲಾರ್ಕ್ ಮಿಲ್ಸ್ ಎಂಬುವರು 1947ರಲ್ಲಿ ಮಕ್ಕಳಿಗೆಂದೇ, ಪ್ಲೈವುಡ್ಡಿನಲ್ಲಿ ಅಗ್ಗವಾಗಿ ಕಟ್ಟಲು ಬರುವಂತೆ ರೂಪಿಸಿದ ದೋಣಿ ಅದು. ಉದ್ದ 2.3 ಮೀಟರ್, ಒಡಲಿನ ತೂಕ 35 ಕಿಲೋ. ಮುಂದೆ ಚೂಪಿಲ್ಲ, ಚಪ್ಪಟೆ. ಮೊದಲ ದೋಣಿ ಲಾರಿಯಿಂದ ಇಳಿದಾಗ ನಮ್ಮೂರಿನವರು ದನಗಳಿಗೆ ಕಲಗಚ್ಚಿನ ತೊಟ್ಟಿ ತರಿಸಿದ್ದಾರೆ ಅಂದುಕೊಂಡಿದ್ದರು. ಮೈದುನ ಮಕ್ಕಳಿಗೆ ಏನನ್ನೂ ವಿವರಿಸುವುದಿಲ್ಲ. ಮುಂದಿನ ದೋಣಿಯಲ್ಲಿ ಕೂತು ತಾನು ಮಾಡುತ್ತಾನೆ, ಹಿಂದೆ ಅವು ಮಾಡುತ್ತವೆ. ಹತ್ತು ವರ್ಷದ ಮಗುವಿಗೆ ಗಾಳಿಯ ಕೋನದ ಲೆಕ್ಕ ಹೇಳಿದರೆ ಅದು ಬೆಳ್ಳಕ್ಕಿ ನೋಡಲು ಶುರುಮಾಡುತ್ತದೆ. ಅದೇ ಮೈದುನ ದೊಡ್ಡವರ ಮುಂದೆ ನಿಂತರೆ, "ಹಿಂಗೆ ಸಾರ್, ಹಿಂಗೇ..." ಅಂತಾನೆ, ಮುಂದೆ ಮಾತು ಬರುವುದಿಲ್ಲ.

ದೊಡ್ಡವರು ನನ್ನ ಪಾಲು. ವಯಸ್ಸಾದ ಮೇಲೆ ಕಲಿತವಳಾದ್ದರಿಂದ ಯಾವ ಹಂತದಲ್ಲಿ ಕೈಕಾಲು ಮರಗಟ್ಟುತ್ತವೆ ಎಂಬುದು ನನಗೆ ಗೊತ್ತು. ಸ್ಕೂಟರ್ ಓಡಿಸಿ ಅಭ್ಯಾಸವಿರುವವರಿಗೆ ಟಿಲ್ಲರ್ ದೊಡ್ಡ ತಲೆನೋವು, ದೂಡಿದ ದಿಕ್ಕಿಗೆ ವಿರುದ್ಧವಾಗಿ ದೋಣಿ ತಿರುಗುತ್ತದೆ. ಎಡ, ಬಲ ಎಂದು ಹೇಳಿದಷ್ಟೂ ಗೊಂದಲ. ನಾನು ಆ ಎರಡು ಮಾತನ್ನೇ ಬಿಟ್ಟೆ. ನಾನು ಹೇಳುವುದು ಇಷ್ಟು: ಹಾಯಿ ಕಡೆಗೆ ಟಿಲ್ಲರ್ ದೂಡಿದರೆ ದೋಣಿ ಗಾಳಿಗೆ ಮುಖ ಮಾಡಿ ನಿಲ್ಲುತ್ತದೆ. ನಿಮ್ಮ ಕಡೆಗೆ ಎಳೆದರೆ ಗಾಳಿಯಿಂದ ಆಚೆ ತಿರುಗುತ್ತದೆ. ಗಾಬರಿಯಾದರೆ ಹಾಯಿ ಕಡೆಗೆ ದೂಡಿ, ಶೀಟ್ ಬಿಡಿ. ನಿಲ್ಲಿಸುವುದು ಗೊತ್ತಾದ ಮೇಲೆ ಓಡಿಸುವ ಧೈರ್ಯ ತಾನೇ ಬರುತ್ತದೆ.

ಹಾಯಿಯನ್ನು ಎಷ್ಟು ಎಳೆಯಬೇಕು? ಅಂಚು ಬಡಿದುಕೊಳ್ಳುವ ತನಕ ಬಿಡಿ, ಆಮೇಲೆ ಬಡಿತ ನಿಲ್ಲುವಷ್ಟು ಮಾತ್ರ ಎಳೆಯಿರಿ. ಗಾಳಿ ಬರುವ ದಿಕ್ಕಿಗೆ ನೇರವಾಗಿ ಯಾವ ಹಾಯಿದೋಣಿಯೂ ಹೋಗದು, ಎರಡೂ ಬದಿಗೆ ಸುಮಾರು 45 ಡಿಗ್ರಿ ಬಿಟ್ಟು ಓರೆಯಾಗಿ ಏರಬೇಕು, ಆಮೇಲೆ ಟ್ಯಾಕ್ ಮಾಡಿ, ಅಂದರೆ ದೋಣಿಯ ಮೂತಿಯನ್ನು ಗಾಳಿಗೆ ಅಡ್ಡಲಾಗಿ ದಾಟಿಸಿ, ಇನ್ನೊಂದು ಓರೆಗೆ. ಇದನ್ನು ನೆಲದ ಮೇಲೆ ಕಡ್ಡಿಯಲ್ಲಿ ಗೀಚಿ ತೋರಿಸಿದರೆ ಎಲ್ಲರೂ ತಲೆಯಾಡಿಸುತ್ತಾರೆ. ನೀರಿಗಿಳಿದರೆ ಮೊದಲ ಗಂಟೆಯಲ್ಲೇ ಎಲ್ಲರ ದೋಣಿಯೂ ಆ ನಿಷಿದ್ಧ ಕೋನದಲ್ಲಿ ಸಿಕ್ಕಿ ಹಿಂದಕ್ಕೆ ತೇಲುತ್ತದೆ. ತೇಲಲಿ ಎಂದು ಬಿಡುತ್ತೇನೆ. ಹಾಯಿ ಸತ್ತಂತೆ ಜೋಲುವುದನ್ನು ಕಣ್ಣಾರೆ ಕಂಡವರು ಮತ್ತೆ ಆ ಕಡೆ ಹೋಗುವುದು ಕಡಿಮೆ.

ಅದಕ್ಕೂ ಮೊದಲ ಪಾಠ ಮಾತ್ರ ಮಗುಚುವುದು. ಎಲ್ಲರಿಗೂ, ಮೊದಲ ದಿನವೇ, ದಡದ ಹತ್ತಿರ. ಹಿಂದೆ ಲೇಸರ್ ಎನ್ನುತ್ತಿದ್ದ, ಈಗ ಇಲ್ಕಾ ಎನ್ನುವ ದೋಣಿಯನ್ನು ಬೇಕೆಂದೇ ಮಗುಚಿಸಿ, ಸುತ್ತಿ ಬಂದು ತಳದಿಂದ ಹೊರಚಾಚಿದ ಹಲಗೆ, ಅಂದರೆ ಡ್ಯಾಗರ್‌ಬೋರ್ಡಿನ ಮೇಲೆ ಹತ್ತಿ, ಅಂಚು ಹಿಡಿದು ಹಿಂದಕ್ಕೆ ವಾಲಿ ಎಬ್ಬಿಸಬೇಕು. ತೂಕ ಸಾಕಾಗದಿದ್ದರೆ ಬೋರ್ಡಿನ ತುದಿಗೆ ಸರಿಯಬೇಕು. ಏನೇ ಆದರೂ ದೋಣಿಯ ಮೇಲಿನ ಒಂದು ಕೈ ತೆಗೆಯಬಾರದು. ದಡ ಹತ್ತಿರ ಕಾಣುತ್ತದೆ ಎಂದು ದೋಣಿ ಬಿಟ್ಟು ಈಜುವವರೇ ಸುಸ್ತಾಗುವುದು. ನಾವು ತೊಡಿಸುವ ಜಾಕೆಟ್ ಕೂಡ 50 ನ್ಯೂಟನ್ ತೇಲುಬಲದ್ದು, ಈಜು ಬಲ್ಲವರನ್ನು ತೇಲಿಸುತ್ತದೆ, ಪ್ರಜ್ಞೆ ತಪ್ಪಿದವರ ಮುಖವನ್ನು ಮೇಲಕ್ಕೆ ತಿರುಗಿಸುವುದಿಲ್ಲ. ಆದ್ದರಿಂದ ಈಜು ಬಾರದವರಿಗೆ ನಮ್ಮಲ್ಲಿ ಹಾಯಿ ಇಲ್ಲ, ಈಜು ಕಲಿತು ಬನ್ನಿ ಎನ್ನುತ್ತೇವೆ. ಮದುವೆಯಾದ ಹೊಸತರಲ್ಲಿ ನನ್ನನ್ನೂ ಹಾಗೇ ವಾಪಸು ಕಳಿಸಿದ್ದರು, ಸೊಸೆ ಎಂಬ ರಿಯಾಯಿತಿ ಇರಲಿಲ್ಲ.

ಅತ್ತೆ ಈ ತನಕ ದೋಣಿ ಹತ್ತಿಲ್ಲ. ಆದರೂ ಐದು ಜನ ಮೇಷ್ಟ್ರುಗಳಲ್ಲಿ ಅವರನ್ನು ಸೇರಿಸಿದ್ದು ಸುಮ್ಮನೆ ಅಲ್ಲ. ಜಾಕೆಟ್ಟಿನ ಪಟ್ಟಿ ಎಳೆದು ನೋಡುವವರು ಅವರು. ಹಸಿದ ಹೊಟ್ಟೆಯಲ್ಲಿ ಯಾರನ್ನೂ ನೀರಿಗೆ ಬಿಡುವುದಿಲ್ಲ, ರೊಟ್ಟಿ ತಿಂದೇ ಇಳಿಯಬೇಕು. ಮಕ್ಕಳ ಮುಖ ನೋಡಿ, "ಆ ಹುಡುಗ ಹೆದರವ್ನೆ ಕಣ್ಲಾ, ಇವತ್ತು ಬ್ಯಾಡ ಬುಡು" ಅಂದರೆ ಮೈದುನ ಎದುರು ಮಾತಾಡುವುದಿಲ್ಲ. ಗಂಟಿನ ಪಾಠವನ್ನೂ ಈಗ ಅವರಿಗೇ ಒಪ್ಪಿಸಿದ್ದೇವೆ. ಕರುವಿನ ಕೊರಳಿಗೆ ಜೀರುಗುಣಿಕೆ ಹಾಕಬಾರದು, ಎಳೆದರೆ ಬಿಗಿದುಕೊಳ್ಳುತ್ತದೆ. ಬಿಗಿಯದ ಗಂಟೇ ಬೇಕು. ಅವರು ಹಟ್ಟಿಯಲ್ಲಿ ಜೀವನವಿಡೀ ಹಾಕಿದ ಆ ಗಂಟು ಮಾವ ಫೌಜಿನಲ್ಲಿ ಕಲಿತ ಬೌಲೈನ್ ತಾನೇ. ಮಾವ ಕಲಿಸುವುದಕ್ಕಿಂತ ಬೇಗ ಅವರು ಕಲಿಸುತ್ತಾರೆ.

ಇನ್ನು ನೀರಿಗೆ ಇಳಿಯಬೇಕೋ ಬೇಡವೋ ಎಂಬುದು ಮಾವನೊಬ್ಬರ ಮಾತು. ಇದರಲ್ಲಿ ಚರ್ಚೆ ಇಲ್ಲ, ಫೀಸು ಕಟ್ಟಿದವರು ಬೆಂಗಳೂರಿಂದ ಬಂದು ಕೂತಿದ್ದರೂ ಇಲ್ಲ. ಬೆಳಿಗ್ಗೆ ಒಂಬತ್ತರ ತನಕ ನೀರು ಅಲುಗಾಡುವುದಿಲ್ಲ, ಬಿಸಿಲೇರಿದಂತೆ ಗಾಳಿ ಏಳುತ್ತದೆ. ಬೀಸು ಬರುವ ಮುಂಚೆ ನೀರಿನ ಮೇಲೆ ಕಪ್ಪು ಛಾಯೆ ಓಡಿ ಬರುತ್ತದೆ, ಅದನ್ನು ಗುರುತಿಸುವುದೇ ಮಾವನ ಪಾಠ. ಅಲೆಗಳ ತಲೆ ಮೇಲೆ ನೊರೆ ಒತ್ತೊತ್ತಾಗಿ ಕಂಡರೆ ಗಾಳಿ 11 ನಾಟ್ ದಾಟಿದೆ, ಅಂದರೆ ಗಂಟೆಗೆ 20 ಕಿ.ಮೀ. ಮೇಲೆ. ಹೊಸಬರು ದಡಕ್ಕೆ. ಆಷಾಢದ ಗಾಳಿಯಲ್ಲಿ ಕಲಿಕೆಯೇ ಇಲ್ಲ: ಮೂಡಿಗೆರೆ, ಸಕಲೇಶಪುರದ ಮಳೆಯೆಲ್ಲ ಇಲ್ಲಿಗೆ ಬಂದು ನೀರು ಏರುತ್ತಿರುತ್ತದೆ, ಮರದ ದಿಮ್ಮಿಗಳು ತೇಲಿಬರುತ್ತವೆ. ಮಳೆ ಹಿಂದೆ ಸರಿದ ಮೇಲೆ ಫೆಬ್ರವರಿ ತನಕ ನಮ್ಮ ಮುಖ್ಯ ಹಂಗಾಮು. ಆಮೇಲೆ ಏಪ್ರಿಲ್, ಮೇನಲ್ಲಿ ಬರುವ ಅಶ್ವಿನಿ, ಭರಣಿ ಮಳೆಯ ದಿನಗಳಲ್ಲಿ ಬೆಳಗಿನ ಪಾಠ ಮಾತ್ರ. ಆ ಸಂಜೆಗಳ ಗುಡುಗುಮೋಡದ ಗಾಳಿ ಎಲ್ಲಿಂದ ಬಂದು ಎಲ್ಲಿಗೆ ತಿರುಗುತ್ತದೆಂದು ಮಾವನೂ ಹೇಳುವುದಿಲ್ಲ.

ಬೇಸಿಗೆಯಲ್ಲಿ ಇನ್ನೊಂದು ತೊಂದರೆ. ಜಲಾಶಯದ ಪೂರ್ಣ ಮಟ್ಟ 2,922 ಅಡಿ. ಅಲ್ಲಿಂದ ನೀರು ಇಳಿಯುತ್ತಾ ಹೋದಂತೆ ಮುಳುಗಡೆಯಾದ ಊರುಗಳ ಗೋಡೆ, ಮರದ ಬೊಡ್ಡೆ ಮೇಲಕ್ಕೆ ಬರುತ್ತವೆ. ಶೆಟ್ಟಿಹಳ್ಳಿಯ ಚರ್ಚು ಪೂರ್ತಿ ಒಣ ನೆಲದಲ್ಲಿ ನಿಲ್ಲುತ್ತದೆ, ಪ್ರವಾಸಿಗರಿಗೆ ಅದು ಫೋಟೊ, ನಮಗೆ ಅದು ನೀರಿನ ಅಳತೆಗೋಲು. ಕಾಣುವ ಬೊಡ್ಡೆಗೆ ಹೆದರಬೇಕಿಲ್ಲ. ಒಂದಡಿ ಕೆಳಗಿರುವುದು ಡ್ಯಾಗರ್‌ಬೋರ್ಡನ್ನು ಮುರಿಯುತ್ತದೆ. ಯಾವ ನಕ್ಷೆಯಲ್ಲೂ ಇಲ್ಲದ ಆ ಬೊಡ್ಡೆಗಳೆಲ್ಲ ತೆಪ್ಪದಲ್ಲಿ ಬಲೆ ಬಿಡುವವರಿಗೆ ಗೊತ್ತು. ವರ್ಷಕ್ಕೊಮ್ಮೆ ಅವರನ್ನು ಕರೆದು ಮೈದುನ ಬಿದಿರಿಗೆ ಕೆಂಪು ಬಟ್ಟೆ ಕಟ್ಟಿ ನೆಡುತ್ತಾನೆ. ಪ್ರತಿಯಾಗಿ ಅವರ ಬಲೆ ಇರುವ ಕಡೆ ನಮ್ಮ ದೋಣಿ ಹೋಗುವುದಿಲ್ಲ.

ಅಪ್ಪ ಅಮ್ಮ ತಮ್ಮ ಮಕ್ಕಳಿಗೆ ತಾವೇ ಕಲಿಸಕೂಡದು ಎಂಬುದು ನಾನು ಹಾಕಿಸಿದ ಕಟ್ಟಳೆ. ನಮ್ಮ ಮಗಳು ಚಿಕ್ಕಪ್ಪನ ಕೈಯಲ್ಲಿ ಕಲಿತಳು. ಅವಳು ಮಗುಚಿದಾಗ ಬೇರೆಯವರ ಮಗು ಮಗುಚಿದಾಗಿನ ಸಮಾಧಾನ ನನಗಿರುವುದಿಲ್ಲ, ಅವಳೂ ನನ್ನ ಮುಖ ನೋಡಿಯೇ ಅಳುತ್ತಾಳೆ. ಈಗ ಅವಳಿಗೆ ಆಪ್ಟಿಮಿಸ್ಟ್ ಸಾಲದು. ಇಲ್ಕಾದ ಅನುಕೂಲ ನೋಡಿ, ಒಡಲು ಒಂದೇ, ಹಾಯಿ ಮಾತ್ರ ಮೂರು ಅಳತೆ: 4.7, 5.76, 7.06 ಚದರ ಮೀಟರ್. ಅವಳಿಗೆ ಚಿಕ್ಕದು, ನನಗೆ ನಡುವಿನದು, ಅವಳಪ್ಪನಿಗೆ ದೊಡ್ಡದು. ಮೂರು ದೋಣಿ ಕೊಳ್ಳುವ ಕೆಲಸ ತಪ್ಪಿತು.

ಕೊನೆಗೆ ರಕ್ಷಣಾ ದೋಣಿಯ ಮಾತು. ಆರು ಹಾಯಿದೋಣಿಗೆ ಒಂದು ಮೋಟಾರ್ ದೋಣಿ, ಅದರಲ್ಲಿ ಕೂರುವವನು ಮನೆಯವನಾಗಬಾರದು. ಇದನ್ನು ಮಾವ ಮೊದಲು ಒಪ್ಪಲಿಲ್ಲ, ಹೊರಗಿನವರಿಗೆ ಸಂಬಳ ಯಾಕೆ ಎಂದರು. ಎರಡು ದೋಣಿ ಒಟ್ಟಿಗೆ ಮಗುಚಿ, ಒಂದರಲ್ಲಿ ಮೊಮ್ಮಗಳಿದ್ದರೆ ನೀವು ಯಾವ ಕಡೆ ಹೋಗ್ತೀರಿ ಮಾವ, ಎಂದು ಕೇಳಿದೆ. ಸುಮ್ಮನಾದರು. ಮೀನು ಹಿಡಿಯುವ ಮನೆಯ ಹುಡುಗನೊಬ್ಬ ಈಗ ಆ ಕೆಲಸ ಮಾಡುತ್ತಾನೆ. ಹತ್ತಿರದವರ ಬಳಿಗೆ ಮೊದಲು, ಅಷ್ಟೇ ಅವನಿಗೆ ಹೇಳಿರುವುದು. ಎಂಜಿನ್ನಿನ ಕಿಲ್ ಕಾರ್ಡನ್ನು ಕಾಲಿಗೆ ಕಟ್ಟಿಕೊಳ್ಳದೆ ಅವನು ಸ್ಟಾರ್ಟ್ ಮಾಡಿದರೆ ಅವತ್ತಿನ ಕೂಲಿ ಕಟ್. ಚಾಲಕ ನೀರಿಗೆ ಬಿದ್ದರೆ ಎಂಜಿನ್ ನಿಲ್ಲಿಸುವುದು ಆ ದಾರವೊಂದೇ.

ಅವನಿಗೆ ಸಂಬಳ ಶುರುವಾದ ಮೇಲೆ ನಮಗೂ ಶುರುವಾಯಿತು. ಪುಸ್ತಕದಲ್ಲಿ ಐವರ ಹೆಸರೂ ಇದೆ. ಅತ್ತೆ ಮೊದಲು "ನಂಗ್ಯಾಕವ್ವ ದುಡ್ಡು" ಎಂದರು, ಈಗ ತಿಂಗಳ ಕೊನೆಗೆ ಲೆಕ್ಕ ಕೇಳುವವರು ಅವರೇ. ಮೋಟಾರ್ ದೋಣಿಗೆ ಬರುವ ಹಂಗಾಮಿಗೆ ಇನ್ನೊಬ್ಬರು ಬೇಕಾಗಿದ್ದಾರೆ. ಈಜು ಬರಬೇಕು, ಹಿನ್ನೀರು ಗೊತ್ತಿರಬೇಕು. ಔಟ್‌ಬೋರ್ಡ್ ಎಂಜಿನ್ ಬಿಚ್ಚಿ ಜೋಡಿಸಲು ಬಂದರಂತೂ ಮಾವ ಹೆಚ್ಚಿಗೆ ಕೊಡಲೂ ತಯಾರು.