ಪೈಪು ಮೊದಲು, ವೈರು ಆಮೇಲೆ: ಹೊಸ ಮನೆಗೆ ಪ್ಲಗ್ ಪಾಯಿಂಟ್ ಮತ್ತು ವೈರಿಂಗ್ ಯೋಜನೆ

ಮನೆ ಕಟ್ಟಿದ ಮೇಲೂ ವೈರು ಬದಲಿಸಬಹುದು, ಸ್ವಿಚ್ಚು ಬದಲಿಸಬಹುದು. ಮೋಲ್ಡಿನೊಳಗೆ ಹೂತುಹೋದ ಪೈಪಿನ ವಿಷಯದಲ್ಲಿ ಆ ಭಾಗ್ಯವಿಲ್ಲ. ಹಾಗಾಗಿ ಯಾವ ಪಾಯಿಂಟ್ ಎಲ್ಲಿ ಬರಬೇಕು ಎಂಬುದು ಸೆಂಟ್ರಿಂಗ್ ಕೂರಿಸುವ ಮುಂಚೆಯೇ ಕಾಗದದ ಮೇಲೆ ಇರಬೇಕು. ಇಲ್ಲಿನ ಲೆಕ್ಕಕ್ಕೆ 30×40 ಸೈಟಿನಲ್ಲಿ ಒಂದೇ ಮಹಡಿ, ಎರಡು ಮಲಗುವ ಕೋಣೆ, ಎರಡು ಬಚ್ಚಲು ಇರುವ ಮನೆಯನ್ನು ಇಟ್ಟುಕೊಂಡಿದ್ದೇವೆ.

ನಕ್ಷೆಯಲ್ಲಿ ಮೊದಲು ಸಾಮಾನು ಬರೆಯಿರಿ, ಆಮೇಲೆ ಸ್ವಿಚ್ಚು. ಮಂಚ ಯಾವ ಗೋಡೆಗೆ, ಬೀರು ಎಲ್ಲಿ, ಟಿವಿ ಎಲ್ಲಿ, ಬಾಗಿಲು ಯಾವ ಕಡೆ ತೆರೆಯುತ್ತದೆ, ಎಲ್ಲವನ್ನೂ ಅಳತೆಗೆ ತಕ್ಕಂತೆ ಗುರುತಿಸಿ. ಸ್ವಿಚ್ ಬೋರ್ಡ್ ಬಾಗಿಲ ಹಿಂದೆ ಸಿಕ್ಕಿಕೊಳ್ಳುವುದು, ಪ್ಲಗ್ಗು ಬೀರುವಿನ ಹಿಂದೆ ಅಡಗುವುದು ಈ ಒಂದು ಕೆಲಸ ಬಿಟ್ಟಿದ್ದರಿಂದಲೇ ಆಗುವ ತಪ್ಪು. ಬಾಗಿಲ ಚಿಲಕ ಇರುವ ಬದಿಗೆ, ಚೌಕಟ್ಟಿನಿಂದ ಆರೇಳು ಇಂಚು ಬಿಟ್ಟು, ನೆಲದಿಂದ 4 ಅಡಿ ಎತ್ತರಕ್ಕೆ ಬೋರ್ಡ್ ಬರಲಿ. ಎತ್ತರವನ್ನು ಟೈಲ್ಸ್ ಹಾಕಿದ ಮೇಲಿನ ನೆಲದಿಂದ ಅಳೆಯಬೇಕು; ಕಚ್ಚಾ ನೆಲದಿಂದ ಅಳೆದರೆ ಎರಡು ಮೂರು ಇಂಚು ತಪ್ಪುತ್ತದೆ.

ಬೋರ್ಡಿನ ಗಾತ್ರಕ್ಕೆ ಮಾಡ್ಯೂಲ್ (ಒಂದು ಸ್ವಿಚ್ಚು ಕೂರುವಷ್ಟು ಜಾಗ) ಲೆಕ್ಕ ಹಾಕಿ. ಸ್ವಿಚ್ಚಿಗೆ 1, ಸಾಕೆಟ್‌ಗೆ 2, ಫ್ಯಾನ್ ರೆಗ್ಯುಲೇಟರ್‌ಗೆ 2. ನಾಲ್ಕು ಸ್ವಿಚ್ಚು, ಒಂದು ರೆಗ್ಯುಲೇಟರ್, ಒಂದು 6 ಆಂಪ್ ಸಾಕೆಟ್ ಸೇರಿದರೆ 8 ಮಾಡ್ಯೂಲ್. ಟಿವಿ ಹಿಂದೆ ಮೂರು ಸಾಕೆಟ್, ಮೂರು ಸ್ವಿಚ್ಚು, ಒಂದು ಕೇಬಲ್ ಪಾಯಿಂಟ್, ಒಂದು ಲ್ಯಾನ್ ಪಾಯಿಂಟ್ ಸೇರಿ 11, ಅಂದರೆ 12ರ ಬಾಕ್ಸ್. ಟಿವಿಗೆ ಒಂದೇ ಸಾಕೆಟ್ ಕೊಟ್ಟವರ ಮನೆಯಲ್ಲಿ ಸೆಟ್‌ಟಾಪ್ ಬಾಕ್ಸ್, ವೈಫೈ ರೂಟರ್ ಎಲ್ಲ ಎಕ್ಸ್‌ಟೆನ್ಷನ್ ಬಾಕ್ಸಿಗೆ ಜೋತು ಬೀಳುತ್ತವೆ.

ಮಲಗುವ ಕೋಣೆಯಲ್ಲಿ ಮಂಚದ ಎರಡೂ ಬದಿಗೆ 2 ಅಡಿ ಎತ್ತರದಲ್ಲಿ ಒಂದೊಂದು ಸಾಕೆಟ್ ಮತ್ತು ಟೂ ವೇ ಸ್ವಿಚ್ಚು (ಒಂದೇ ದೀಪವನ್ನು ಎರಡು ಕಡೆಯಿಂದ ಹಚ್ಚಿ ಆರಿಸುವಂಥದ್ದು), ಎಸಿ ಬರುವ ಗೋಡೆಯಲ್ಲಿ 7 ಅಡಿಗೆ 16 ಆಂಪ್ ಪಾಯಿಂಟ್, ಇಸ್ತ್ರಿಪೆಟ್ಟಿಗೆಗೆ ಒಂದು ಸಾಕೆಟ್. ಈಗ ಎಸಿ ಬೇಡ ಎನ್ನುವವರೂ ಪೈಪು ಬಾಕ್ಸನ್ನಾದರೂ ಹಾಕಿಸಿಡಿ. ಬಚ್ಚಲಲ್ಲಿ ಗೀಸರ್ ಪಾಯಿಂಟ್ ಗೀಸರಿನ ಪಕ್ಕಕ್ಕೆ, 6.5 ಅಡಿಯ ಮೇಲೆ ಇರಲಿ. ಅದರ ಸ್ವಿಚ್ಚು ಬಚ್ಚಲಿನ ಹೊರಗಿರಲಿ. ದೇವರ ಮನೆಗೆ ದೀಪದ ಸರಕ್ಕೆಂದು ಒಂದು 6 ಆಂಪ್ ಸಾಕೆಟ್ ಸಾಕು.

ಅಡುಗೆಮನೆಗೆ ಮಾತ್ರ ಪುರುಸೊತ್ತು ಮಾಡಿಕೊಂಡು ಕೂರಬೇಕು. ಇಂಡಕ್ಷನ್ ಒಲೆ 2000 ವಾಟ್, ಕೆಟಲ್ 1500, ಮಿಕ್ಸಿ 750, ಓವನ್ 1200. ಒಟ್ಟು 5450 ವಾಟ್, 230 ವೋಲ್ಟ್‌ನಲ್ಲಿ ಸುಮಾರು 24 ಆಂಪ್. ಇಂಡಕ್ಷನ್ ಮತ್ತು ಕೆಟಲ್ ಎರಡೇ 15 ಆಂಪ್ ದಾಟುತ್ತವೆ. ಇಡೀ ಅಡುಗೆಮನೆಯನ್ನು ಒಂದೇ 16 ಆಂಪ್ ಎಂಸಿಬಿಗೆ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚು) ಕೊಟ್ಟರೆ, ಬೆಳಗ್ಗೆ ಚಟ್ನಿಗೆ ಮಿಕ್ಸಿ ಹಾಕಿದ ಸ್ವಲ್ಪ ಹೊತ್ತಿಗೆ ಎಲ್ಲವೂ ನಿಲ್ಲುತ್ತದೆ. ಆಗ ಎಲೆಕ್ಟ್ರೀಷಿಯನ್ ಬಂದು 32 ಆಂಪ್ ಎಂಸಿಬಿ ಹಾಕಿ ಹೋಗುತ್ತಾನೆ. ಟ್ರಿಪ್ ಆಗುವುದು ನಿಲ್ಲುತ್ತದೆ, ವೈರು ಬಿಸಿಯಾಗಲು ಶುರುವಾಗುತ್ತದೆ. ಎಂಸಿಬಿ ಇರುವುದು ವೈರನ್ನು ಕಾಯಲಿಕ್ಕೆ. ಇದೊಂದನ್ನು ಮರೆತರೆ ಉಳಿದ ಲೆಕ್ಕವೆಲ್ಲ ದಂಡ.

ಆದ್ದರಿಂದ ಅಡುಗೆಮನೆಗೆ ಡಿಬಿಯಿಂದಲೇ (ಎಂಸಿಬಿಗಳೆಲ್ಲ ಕೂರುವ ಪೆಟ್ಟಿಗೆ) ಎರಡು ಬೇರೆ ಬೇರೆ ಪವರ್ ಲೈನ್ ಬರಲಿ: ಒಂದರಲ್ಲಿ ಇಂಡಕ್ಷನ್ ಮತ್ತು ಫ್ರಿಡ್ಜ್, ಇನ್ನೊಂದರಲ್ಲಿ ಓವನ್, ಕೆಟಲ್, ಮಿಕ್ಸಿ. ಕಟ್ಟೆಯ ಮೇಲ್ಮೈಯಿಂದ 8ರಿಂದ 10 ಇಂಚು ಎತ್ತರಕ್ಕೆ ಕನಿಷ್ಠ ಎರಡು ಕಡೆ, ಎರಡೆರಡು 16 ಆಂಪ್ ಸಾಕೆಟ್ ಮತ್ತು ಸ್ವಿಚ್ಚಿರುವ 6 ಮಾಡ್ಯೂಲ್ ಬಾಕ್ಸ್ ಇಡಿ. ದೋಸೆ ಹಿಟ್ಟಿನ ಗ್ರೈಂಡರ್ ಎಲ್ಲಿ ಕಾಯಂ ಕೂರುತ್ತದೆ ಎಂದು ಅಡುಗೆ ಮಾಡುವವರನ್ನೇ ಕೇಳಿ, ಅಲ್ಲೊಂದು 6 ಆಂಪ್ ಸಾಕೆಟ್ ಸೇರಿಸಿ. ಒಲೆಯ ನೇರ ಮೇಲೆ ಸಾಕೆಟ್ ಬೇಡ. ಸಿಂಕಿನ ಅಂಚಿನಿಂದ 2 ಅಡಿ ದೂರವಿರಲಿ. ಫ್ರಿಡ್ಜಿನ ಸಾಕೆಟ್ಟನ್ನು ಅದರ ಹಿಂದೆ ಕೊಟ್ಟರೆ ಪ್ಲಗ್ಗು ಅಡ್ಡ ಬಂದು ಫ್ರಿಡ್ಜ್ ಗೋಡೆಗೆ ಒರಗುವುದಿಲ್ಲ, ಪಕ್ಕಕ್ಕೆ ಕೊಡಿ. ಚಿಮಣಿಗೆ 7 ಅಡಿಯಲ್ಲಿ ಒಂದು, ವಾಟರ್ ಫಿಲ್ಟರಿಗೆ ಒಂದು.

ವೈರಿನ ಗಾತ್ರ ಮತ್ತು ಎಂಸಿಬಿ ಜೋಡಿ ಹೀಗಿರಲಿ. ಲೈಟು, ಫ್ಯಾನು, 6 ಆಂಪ್ ಸಾಕೆಟ್‌ಗೆ 1.5 ಚದರ ಮಿಮೀ, 10 ಆಂಪ್ ಎಂಸಿಬಿ. 16 ಆಂಪ್ ಸಾಕೆಟ್‌ಗೆ 2.5, 16 ಆಂಪ್. ಗೀಸರ್, ಎಸಿಗೆ 4, 20 ಆಂಪ್. ಮೀಟರಿನಿಂದ ಡಿಬಿಗೆ, ಸಿಂಗಲ್ ಫೇಸಾದರೆ, 10. ಎಸಿ ಮತ್ತು ಮೋಟಾರಿಗೆ ಸಿ ಕರ್ವ್ ಎಂಸಿಬಿ ಬೇಕು, ಇಲ್ಲದಿದ್ದರೆ ಶುರುವಾಗುವ ಕ್ಷಣದ ಹೆಚ್ಚುವರಿ ಕರೆಂಟಿಗೇ ಬಿದ್ದುಬಿಡುತ್ತದೆ. ಐಎಸ್‌ಐ ಗುರುತಿನ ತಾಮ್ರದ ಎಫ್‌ಆರ್ ಅಥವಾ ಎಫ್‌ಆರ್‌ಎಲ್‌ಎಸ್ (ಬೆಂಕಿ ಹರಡಲು ಬಿಡದ) ವೈರು, 90 ಮೀಟರಿನ ಕಾಯಿಲ್ ತನ್ನಿ. ಕೆಂಪು, ಹಳದಿ, ನೀಲಿ ಫೇಸಿಗೆ, ಕಪ್ಪು ನ್ಯೂಟ್ರಲ್‌ಗೆ, ಹಸಿರು ಅರ್ಥ್‌ಗೆ ಮಾತ್ರ. ಹಸಿರು ವೈರು ಉಳಿದಿದೆ ಎಂದು ಫೇಸಿಗೆ ಎಳೆಯುವವರಿದ್ದಾರೆ, ಬಿಡಬೇಡಿ.

ನಮ್ಮ ಮನೆಗೆ ಲೈನುಗಳು: ಲೈಟು ಫ್ಯಾನಿಗೆ 2, ಅಡುಗೆಮನೆಗೆ 2, ಗೀಸರ್ 2, ಎಸಿ 2, ವಾಷಿಂಗ್ ಮಷಿನ್ 1, ಸಂಪಿನ ಮೋಟಾರ್ 1, ಕೋಣೆಗಳ 16 ಆಂಪ್ ಸಾಕೆಟ್ 1, ಹೊರಗಿನ ಸ್ಕೂಟರ್ ಚಾರ್ಜಿಂಗ್ 1. ಒಟ್ಟು 12. ಮೇನ್ ಸ್ವಿಚ್ಚಿಗೆ 2 ಮಾಡ್ಯೂಲ್, ಎರಡು ಆರ್‌ಸಿಸಿಬಿಗೆ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್ಚು) 4 ಸೇರಿದರೆ 18. ನಾಲ್ಕು ಖಾಲಿ ಜಾಗ ಬಿಟ್ಟು ಡಿಬಿ ಬಾಕ್ಸ್ ಕೊಳ್ಳಿ. ಎಲೆಕ್ಟ್ರಿಕ್ ಕಾರಿನ 7 ಕಿಲೋವಾಟ್ ಚಾರ್ಜರ್ ಮುಂದೆ ಬರಬಹುದಾದರೆ 6 ಚದರ ಮಿಮೀ ವೈರು ಹೋಗುವ 25 ಮಿಮೀ ಪೈಪನ್ನು ಈಗಲೇ ಗೇಟಿನ ಕಡೆ ಬಿಡಿ. ಸೋಲಾರಿಗೆಂದು ತಾರಸಿಯಿಂದ ಮೀಟರ್ ಬೋರ್ಡಿಗೂ ಒಂದು.

ಆರ್‌ಸಿಸಿಬಿ ಬಗ್ಗೆ ಎರಡು ಮಾತು. 10 ಆಂಪ್ ಎಂಸಿಬಿ ಬೀಳಲು 10 ಆಂಪ್ ಮೀರಬೇಕು. ಮನುಷ್ಯನ ಜೀವಕ್ಕೆ ಕುತ್ತು ತರಲು ಅದರ ನೂರರಲ್ಲೊಂದು ಪಾಲೂ ಸಾಕು. 30 ಮಿಲಿ ಆಂಪ್ ಆರ್‌ಸಿಸಿಬಿ ಹೋದ ಕರೆಂಟನ್ನೂ ವಾಪಸ್ ಬಂದದ್ದನ್ನೂ ತೂಗಿ, ವ್ಯತ್ಯಾಸ ಕಂಡರೆ ಕಡಿದು ಹಾಕುತ್ತದೆ. ಎರಡು ಹಾಕಿದರೆ ಗೀಸರಿನ ದೋಷಕ್ಕೆ ಇಡೀ ಮನೆ ಕತ್ತಲಾಗುವುದಿಲ್ಲ. ಸುಮ್ಮಸುಮ್ಮನೆ ಬೀಳುತ್ತದೆ ಎಂಬ ದೂರಿಗೆ ಬಹುಪಾಲು ಕಾರಣ ಒಂದೇ: ಒಂದು ಲೈನಿನ ನ್ಯೂಟ್ರಲ್ಲನ್ನು ಇನ್ನೊಂದು ಲೈನಿನ ಬೋರ್ಡಿನಲ್ಲಿ ಸೇರಿಸಿರುತ್ತಾರೆ. ಯುಪಿಎಸ್ ಲೈನಿನಲ್ಲಿ ಇದು ತೀರಾ ಸಾಮಾನ್ಯ. ಪ್ರತಿ ಲೈನಿನ ನ್ಯೂಟ್ರಲ್ ಡಿಬಿಯವರೆಗೆ ತಾನೇ ಬರಬೇಕು, ಪ್ರತಿ ಆರ್‌ಸಿಸಿಬಿಗೆ ಬೇರೆ ನ್ಯೂಟ್ರಲ್ ಪಟ್ಟಿ ಇರಬೇಕು ಎಂದು ಮೊದಲೇ ಹೇಳಿ.

ಇನ್ನು ಮೋಲ್ಡ್. ಕಂಬಿ ಕಟ್ಟಿದ ಮೇಲೆ, ಕಾಂಕ್ರೀಟ್ ಸುರಿಯುವ ಮುಂಚೆ ಎಲೆಕ್ಟ್ರೀಷಿಯನ್ ಬರಬೇಕು. ಫ್ಯಾನ್ ಬಾಕ್ಸ್ ಮತ್ತು ಜಂಕ್ಷನ್ ಬಾಕ್ಸುಗಳನ್ನು ಸೆಂಟ್ರಿಂಗಿಗೆ ಒತ್ತಿ ಕಟ್ಟಿಸಿ, ಬಾಯಿಗೆ ಕಾಗದ ತುರುಕಿಸಿ. ಪೈಪು 25 ಮಿಮೀ ಇರಲಿ, ತಿರುವಿಗೆ ಉದ್ದನೆಯ ಬೆಂಡ್ ಹಾಕಲಿ, ಕೂಡಿಸಿದ ಕಡೆಯೆಲ್ಲ ಗಮ್ ಹಚ್ಚಲಿ. ಕಾಂಕ್ರೀಟ್ ಹಾಕುವ ದಿನ ಒಬ್ಬ ಹುಡುಗ ನಿಂತು ನೋಡಲಿ: ವೈಬ್ರೇಟರ್ ತಗುಲಿ ಪೈಪು ಕಳಚಿ ಸಿಮೆಂಟ್ ಹಾಲು ತುಂಬಿದರೆ ಆ ದಾರಿ ಮುಚ್ಚಿದಂತೆಯೇ. ಗೋಡೆಯಲ್ಲಿ 20 ಮಿಮೀ ಪೈಪಿಗೆ 2.5ರ ಐದು ವೈರಿಗಿಂತ ಹೆಚ್ಚು ತುರುಕಬೇಡಿ. ಇಂಟರ್‌ನೆಟ್ ಕೇಬಲ್ಲಿಗೆ ಬೇರೆ ಪೈಪು, ಕರೆಂಟ್ ಪೈಪಿನಿಂದ ಒಂದು ಅಡಿ ದೂರ. ಸಂಪಿನ ನೀರಿನ ಮಟ್ಟದ ಸೆನ್ಸರಿಗೂ ಒಂದು. ಎಲ್ಲರೂ ಮರೆಯುವುದು ಇದನ್ನೇ. ಗಾರೆ ಹಚ್ಚುವ ಮುಂಚೆ ಪ್ರತಿ ಗೋಡೆಗೂ ಅಳತೆ ಟೇಪು ಹಿಡಿದು ಫೋಟೊ ತೆಗೆದಿಡಿ. ನಾಳೆ ಮೊಳೆ ಹೊಡೆಯುವಾಗ ಬೇಕಾಗುತ್ತದೆ.

ಅರ್ಥಿಂಗಿಗೆ 40 ಮಿಮೀ, ಎರಡೂವರೆ ಮೀಟರ್ ಉದ್ದದ ಜಿಐ ಪೈಪು, ಗೋಡೆಯಿಂದ ಒಂದೂವರೆ ಮೀಟರ್ ಆಚೆ, ತೇವ ನಿಲ್ಲುವ ಜಾಗದಲ್ಲಿ. ಇದ್ದಿಲು ಉಪ್ಪು ತುಂಬುವುದು ಹಳೆಯ ಪದ್ಧತಿ, ಆದರೆ ಉಪ್ಪು ಪೈಪನ್ನೇ ತಿನ್ನುತ್ತದೆ. ಬೆಂಟೊನೈಟ್ ಎಂಬ ಜೇಡಿಮಣ್ಣಿನ ಪುಡಿ ಮೇಲು. ಬೇಸಿಗೆಯಲ್ಲಿ ಗುಂಡಿಗೆ ನೀರು ಹಾಕಿ.

ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ ಯಾವುದೇ ಇರಲಿ, ಸಂಪರ್ಕದ ಅರ್ಜಿಗೆ ಪರವಾನಗಿ ಇರುವ ಗುತ್ತಿಗೆದಾರ ಬೇಕು. ಮಂಜೂರಾದ ಕಿಲೋವಾಟ್ ಮೇಲೆ ತಿಂಗಳ ನಿಗದಿತ ಶುಲ್ಕ ಬೀಳುವುದರಿಂದ ಎಲ್ಲ ಸಾಮಾನಿನ ವಾಟ್ ಕೂಡಿಸಿ ಕೇಳಬೇಡಿ, ಒಟ್ಟಿಗೆ ಓಡುವಷ್ಟನ್ನೇ ಲೆಕ್ಕ ಹಾಕಿ.

ಕೆಲಸ ಒಪ್ಪಿಸಿಕೊಳ್ಳುವ ದಿನ, ಎಲ್ಲ ಉಪಕರಣ ಕಳಚಿ 500 ವೋಲ್ಟ್ ಮೆಗ್ಗರಿನಲ್ಲಿ (ವೈರಿನ ಸಿಪ್ಪೆ ಗಟ್ಟಿಯಿದೆಯೇ ಎಂದು ಅಳೆಯುವ ಉಪಕರಣ) ಪ್ರತಿ ಲೈನ್ ನೋಡಿಸಿ. 1 ಮೆಗಾ ಓಮ್‌ಗಿಂತ ಕಡಿಮೆ ಬಂದರೆ ಎಲ್ಲೋ ವೈರಿನ ಸಿಪ್ಪೆ ಹರಿದಿರಬಹುದು. ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ ನೋಡಿ. ಒಂದೊಂದೇ ಎಂಸಿಬಿ ಇಳಿಸುತ್ತ ಯಾವುದು ಯಾವ ಕೋಣೆಗೆ ಎಂದು ಡಿಬಿ ಬಾಗಿಲ ಒಳಗೆ ಬರೆದು ಅಂಟಿಸಿ. ಅಲ್ಲಿಯವರೆಗೆ ಕೊನೆ ಕಂತು ಕೊಡಬೇಡಿ.